ಎಣ್ಣೆಯ ಪಾಠ ಬಿಟ್ಟು ಓದಿದ ಎಣ್ಣೆಯಕ್ಕ

ಬೆಳಗಿನ ಐದು ಗಂಟೆ. ಮೂರು ಅಂತಸ್ತಿನ ವ್ಯಾಪಾರದ ಕಟ್ಟಡ, ಅದರ ನೆಲಮಾಳಿಗೆಯಲ್ಲೊಂದು ಬೌಲಿಂಗ್ ಹಾಲ್. ಮೇಲಿನ ಅಂಗಡಿಗಳು ತೆರೆಯಲು ಇನ್ನೂ ಬಹಳ ಹೊತ್ತಿದೆ. ಹಿಂಬಾಗಿಲಿನಿಂದ ಇಳಿದು ಬಂದ ಹೆಂಗಸೊಬ್ಬರು ಗೋಡೆಯ ಸಾಲು ಸ್ವಿಚ್ಚುಗಳಲ್ಲಿ ಒಂದನ್ನು ಮಾತ್ರ ಒತ್ತುತ್ತಾರೆ. ಹಾಲಿನ ಕಟ್ಟಕಡೆಯ ಪಟ್ಟಿಗಷ್ಟೇ ಬೆಳಕು ಬೀಳುತ್ತದೆ. ಅವರು ಚಪ್ಪಲಿ ಬಿಟ್ಟು, ಬರೀ ಸಾಕ್ಸಿನಲ್ಲಿ ಹೋಗಿ, ಹೊಳೆಯುವ ಮರದ ಹಾಸಿನ ಪಕ್ಕ ಮಂಡಿಯೂರುತ್ತಾರೆ. ಎಡಗೈಯ ಬೆರಳಿನಿಂದ ಹಲಗೆ ಸವರಿ ಬೆರಳನ್ನು ಬೆಳಕಿಗೆ ಹಿಡಿಯುತ್ತಾರೆ. “ನಿನ್ನೆ ಜನ ಜಾಸ್ತಿ ಆಡಿದ್ದಾರೆ. ಮಧ್ಯ ಎಲ್ಲಾ ಒಣಗಿಹೋಗಿದೆ ನೋಡಿ” ಎನ್ನುತ್ತಾರೆ. ಪತ್ರಿಕೆಗೆ ಇವರ ಬಗ್ಗೆ ಬರೆಯಲೆಂದು ಬಂದು ನಿದ್ದೆಗಣ್ಣಿನಲ್ಲಿರುವ ನಾನು ಹೂಂಗುಟ್ಟುತ್ತೇನೆ.

ಬೌಲಿಂಗ್ ಎಂದ ಕೂಡಲೇ ಓಡಿ ಬಂದು ವಿಕೆಟ್ ಹಾರಿಸುವವರು ಕಣ್ಣ ಮುಂದೆ ಬಂದರೆ, ಅವರನ್ನು ಸ್ವಲ್ಪ ಹೊತ್ತು ಪೆವಿಲಿಯನ್ನಿಗೆ ಕಳಿಸಿಬಿಡಿ. ಇದು ಒಳಾಂಗಣದ ಬೌಲಿಂಗ್. ಅರವತ್ತಡಿ ಉದ್ದದ ಮರದ ಹಾಸು, ಅದಕ್ಕೆ ಲೇನ್ ಎಂದು ಹೆಸರು. ಆ ತುದಿಯಲ್ಲಿ ಹತ್ತು ಬಿಳಿಯ ಪಿನ್ನುಗಳು ಗುಂಪುಗಟ್ಟಿ ನಿಂತಿರುತ್ತವೆ. ಮೂರು ಬೆರಳು ತೂರಿಸಿ ಹಿಡಿದ ಭಾರದ ಚೆಂಡನ್ನು ಈ ತುದಿಯಿಂದ ಉರುಳಿಸಿ ಅವನ್ನು ಕೆಡವಬೇಕು. ಒಂದು ಸರದಿಗೆ ಎರಡು ಎಸೆತ ಸಿಗುತ್ತವೆ, ಒಂದು ಆಟಕ್ಕೆ ಹತ್ತು ಸರದಿ. ಲೇನಿನ ಎರಡೂ ಅಂಚಿಗೆ ತಗ್ಗಾದ ಕಾಲುವೆಗಳಿವೆ, ಅದು ಗಟರ್. ಚೆಂಡು ಅದಕ್ಕೆ ಬಿತ್ತೆಂದರೆ ಆ ಎಸೆತದ ಕಥೆ ಮುಗಿಯಿತು. ಹಲಗೆ ಸವೆಯದಂತೆ, ಚೆಂಡು ನಯವಾಗಿ ಸಾಗುವಂತೆ, ದಿನವೂ ಹಳೆಯ ಎಣ್ಣೆ ಒರೆಸಿ ಹೊಸ ಎಣ್ಣೆ ಸವರಬೇಕು. ಈ ಹಾಲಿನ ಹನ್ನೆರಡು ಲೇನ್‌ಗಳಿಗೂ ಆ ಕೆಲಸ ಮಾಡುವವರು ಇವರೊಬ್ಬರೇ. ಹಾಗಾಗಿ ಎಲ್ಲರ ಬಾಯಲ್ಲೂ ಇವರು ಎಣ್ಣೆಯಕ್ಕ. ಹೊಸದಾಗಿ ಆ ಹೆಸರು ಕೇಳಿದವರು ಹುಬ್ಬೇರಿಸಿ ಕಿಸಕ್ಕನೆ ನಗುತ್ತಾರೆ. “ಆ ಎಣ್ಣೆ ಅಲ್ಲ ಸ್ವಾಮಿ. ಇದ್ರಲ್ಲಿ ಕಾಲು ಮಾತ್ರ ಜಾರುತ್ತೆ, ನಾಲಿಗೆ ಜಾರಲ್ಲ” ಎಂದು ಅಕ್ಕನೇ ಮೊದಲು ಹೇಳಿ ಮುಗಿಸುತ್ತಾರೆ.

ಈ ಭಾನುವಾರ ಹಾಲಿನ ತಂಡಕ್ಕೆ ಆಯ್ಕೆ ನಡೆಯುತ್ತದೆ. ಐವರ ತಂಡದಲ್ಲಿ ಒಂದು ಜಾಗ ಖಾಲಿಯಿದೆ. ಗಿರಾಕಿಯಾಗಲಿ, ಕೆಲಸದವರಾಗಲಿ, ಯಾರು ಬೇಕಾದರೂ ಬಂದು ಮೂರು ಆಟ ಆಡಬಹುದು. ಹೆಚ್ಚು ಅಂಕ ಗಳಿಸಿದವರಿಗೆ ಆ ಜಾಗ, ತಂಡದ ನೀಲಿ ಅಂಗಿ, ಮತ್ತು ವರ್ಷಪೂರ್ತಿ ಬೇರೆ ಬೇರೆ ಹಾಲುಗಳಿಗೆ ಹೋಗಿ ಆಡುವ ಅವಕಾಶ. ಎಣ್ಣೆಯಕ್ಕನಿಗೆ ಆ ಜಾಗ ಬೇಕು. ಹೋದ ವರ್ಷವೂ ಬೇಕಾಗಿತ್ತು. ಹೋದ ವರ್ಷ ನಡೆದದ್ದನ್ನು ಹಾಲಿನ ಜನ ಇನ್ನೂ ನೆನೆನೆನೆದು ನಗುತ್ತಾರೆ, ಆ ವಿಷಯಕ್ಕೆ ಬರುತ್ತೇನೆ.

ಅಕ್ಕನಿಗೆ ನಲವತ್ತೆಂಟು ವರ್ಷ. ಗಂಡ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ದರ್ಜಿ. ಮನೆಯಲ್ಲಿ ಮೂರನೆಯವರು ಅತ್ತೆ. ಹನ್ನೊಂದು ವರ್ಷದ ಹಿಂದೆ ಅಕ್ಕ ಇಲ್ಲಿ ಸೇರಿದ್ದು ಲೇನ್‌ಗಳ ಹಿಂಭಾಗ ಗುಡಿಸುವ ಕೆಲಸಕ್ಕೆ. ಪಿನ್ನುಗಳನ್ನು ಎತ್ತಿ ನಿಲ್ಲಿಸುವ ಯಂತ್ರಗಳ ಹಿಂದೆ ಕಿವಿ ಗಡಚಿಕ್ಕುವ ಸದ್ದು, ಧೂಳು, ಗ್ರೀಸು. ಅಲ್ಲಿ ಬಗ್ಗಿ ನೋಡಿದರೆ ಯಂತ್ರದ ಕೆಳಗಿನ ಸಂದಿಯಿಂದ ದೂರದಲ್ಲಿ ಆಡುವವರು ಕಾಣುತ್ತಾರೆ, ಅದೂ ಮಂಡಿಯಿಂದ ಕೆಳಕ್ಕೆ. “ನಾನು ಆಟ ನೋಡಿದ್ದೇ ಕಾಲಿನಿಂದ. ಚೆನ್ನಾಗಿ ಆಡೋರ ಕಾಲು ಅವಸರ ಮಾಡಲ್ಲ. ಕೊನೇ ಹೆಜ್ಜೇಲಿ ಸುಮ್ಮನೆ ಜಾರಿ ನಿಂತುಬಿಡುತ್ತೆ. ಅದನ್ನ ನೋಡ್ತಾ ನೋಡ್ತಾ ನನಗೂ ಆಸೆ ಹತ್ತಿಕೊಳ್ತು” ಎನ್ನುತ್ತಾರೆ. ಎಣ್ಣೆ ಹಾಕುವಾತ ಕೆಲಸ ಬಿಟ್ಟಾಗ ಎಣ್ಣೆ ಸವರುವ ಯಂತ್ರ ಇವರ ಕೈಗೆ ಬಂತು. ಅದರ ಜತೆಗೆ ದಿನಕ್ಕೆ ಎಂಬತ್ತು ಚೆಂಡು ತೊಳೆಯುವುದು, ಬಾಡಿಗೆ ಬೂಟುಗಳಿಗೆಲ್ಲ ವಾಸನೆ ಹೋಗುವ ಪುಡಿ ಹಾಕುವುದು. ಅಕ್ಕನ ಪ್ರಕಾರ ಈ ಮೂರರಲ್ಲಿ ಕಷ್ಟದ ಕೆಲಸ ಬೂಟಿನದು, ಅದಕ್ಕೆ ಅವರು ಕೊಡುವ ಕಾರಣಗಳನ್ನು ಪತ್ರಿಕೆಯಲ್ಲಿ ಬರೆಯಲಾಗದು.

ಕೆಲಸದವರು ಬೆಳಿಗ್ಗೆ ಪುಕ್ಕಟೆ ಆಡಬಹುದು, ಆದರೆ ಹೊಸ ಎಣ್ಣೆ ಬೀಳುವ ಮುಂಚೆ ಮಾತ್ರ. ಎಣ್ಣೆ ಬಿತ್ತೆಂದರೆ ಲೇನ್ ಗಿರಾಕಿಗಳದು. ಹಾಗಾಗಿ ಅಕ್ಕ ಹಳೆಯ ಎಣ್ಣೆ ಪೂರ್ತಿ ಒರೆಸಿ, ಒಣ ಹಲಗೆಯ ಮೇಲೆ ಆಡಲು ಶುರು ಮಾಡಿದರು. ಹಾಲಿನಲ್ಲಿ ಒಬ್ಬ ತರಬೇತುದಾರರಿದ್ದಾರೆ, ಆದರೆ ಅವರು ಕಲಿಸುವುದು ಸದಸ್ಯರಿಗೆ. ಅಕ್ಕ ಹೋಗಿ ಅಂಗಲಾಚಲಿಲ್ಲ. ಹಳೆ ಪುಸ್ತಕದ ಅಂಗಡಿಗೆ ಹೋದರು.

ಈಗ ಅವರ ಬಳಿ ಮೂರು ಪುಸ್ತಕಗಳಿವೆ. ಒಂದಕ್ಕೆ ಮೇಲ್ಹೊದಿಕೆಯೇ ಇಲ್ಲ, ದರ್ಜಿ ಪ್ಯಾಂಟಿನ ತುಂಡುಬಟ್ಟೆಯಲ್ಲಿ ಅದಕ್ಕೊಂದು ಅಂಗಿ ಹೊಲಿದಿದ್ದಾರೆ. ಇನ್ನೊಂದು ಮಕ್ಕಳಿಗೆಂದು ಬರೆದದ್ದು, ಬರೀ ಚಿತ್ರ. ಮೂರನೆಯದು ಇಟ್ಟಿಗೆ ಗಾತ್ರದ್ದು. ಚೆಂಡು ಹಿಡಿಯುವುದರಿಂದ ಹಿಡಿದು ಸೋತ ಮೇಲೆ ಮುಖ ಹೇಗಿಟ್ಟುಕೊಳ್ಳಬೇಕು ಎನ್ನುವವರೆಗೆ ಎಲ್ಲವೂ ಅದರಲ್ಲಿದೆ. ಚೆಂಡು ತೊಳೆಯುತ್ತಲೋ ಯಂತ್ರ ಒರೆಸುತ್ತಲೋ ಓದುವ ಅಭ್ಯಾಸವಾದ್ದರಿಂದ ಪುಟಪುಟದ ಮೂಲೆಯಲ್ಲೂ ಹೆಬ್ಬೆರಳಿನ ಎಣ್ಣೆ ಗುರುತು. “ಚೆಂಡು ಉರುಳಿಸೋಕೂ ಪುಸ್ತಕ ಬೇಕೇನೇ? ಮೆಟ್ಟಿಲ ಮೇಲಿಂದ ಬಿಟ್ಟರೆ ಅದೇ ಉರುಳುತ್ತಪ್ಪ!” ಎಂದು ಅತ್ತೆ ಮೊದಮೊದಲು ಆಡಿಕೊಂಡಿದ್ದರಂತೆ.

ತೊಡಕು ಬೇರೆಡೆ ಇತ್ತು. ಅಕ್ಕ ಎಡಚಿ. ಮೂರು ಪುಸ್ತಕಗಳಲ್ಲೂ ಇರುವುದು ಬಲಗೈಯವರ ಚಿತ್ರಗಳು. ತಿರುಗಿಸಿ ಕಲ್ಪಿಸಿಕೊಳ್ಳಲು ಹೋದರೆ ಕೈ ಸರಿ ಬಂದಾಗ ಕಾಲು ತಪ್ಪುತ್ತಿತ್ತು, ಕಾಲು ಸರಿ ಬಂದಾಗ ಭುಜ. ಕೊನೆಗೆ ಗಂಡನಿಗೆ ಉಪಾಯ ಹೊಳೆಯಿತು. ಗಿರಾಕಿಗಳು ಬಟ್ಟೆ ತೊಟ್ಟು ನೋಡಿಕೊಳ್ಳುವ ಆಳೆತ್ತರದ ಕನ್ನಡಿಯ ಮುಂದೆ ಪುಸ್ತಕ ಬಿಚ್ಚಿ ಹಿಡಿದರೆ, ಕನ್ನಡಿಯೊಳಗಿನ ಆಟಗಾರ ಎಡಚನಾಗುತ್ತಾನೆ!

ಆದರೆ ಕನ್ನಡಿಯಲ್ಲಿ ಅಕ್ಷರವೂ ತಿರುಗುಮುರುಗು. ಆದ್ದರಿಂದ ಸಂಜೆ ಹೊಲಿಗೆ ಮುಗಿದ ಮೇಲೆ ಈ ಮನೆಯಲ್ಲಿ ನಡೆಯುವ ದೃಶ್ಯವೇ ಬೇರೆ. ದರ್ಜಿ ಕನ್ನಡಿಯ ಕಡೆಗೆ ಪುಸ್ತಕ ಹಿಡಿದು ನಿಂತು, ಆಗಾಗ ಬಗ್ಗಿ ಸಾಲು ಓದಿ ಹೇಳುತ್ತಾರೆ. ಅಕ್ಕ ಕನ್ನಡಿ ನೋಡುತ್ತ ಹೆಜ್ಜೆ ಹಾಕುತ್ತಾರೆ. ಕೈಯಲ್ಲಿ ಚೆಂಡಿನ ಬದಲು ನೀರು ತುಂಬಿದ ಡಬ್ಬಿ. ನಾನು ಹೋದ ಸಂಜೆಯೂ ಪಾಠ ನಡೆಯುತ್ತಿತ್ತು.

“ಮೊಣಕೈ ಮಡಚಬೇಡಿ ಅಂತಿದೆ. ನೀನು ಮಡಚ್ತಿದ್ದೀಯ.”

“ಮಡಚಿಲ್ಲ.”

“ಮೂವತ್ತು ವರ್ಷದಿಂದ ತೋಳಿನ ಅಳತೆ ತಗೊಳ್ತಿದ್ದೀನಿ ಕಣೇ. ಮಡಚಿದ ತೋಳು ಯಾವ್ದು ಅಂತ ನನಗೆ ಗೊತ್ತಾಗಲ್ವಾ?”

“ಸರಿ, ಮುಂದೆ ಓದಿ.”

ಮಣಿಕಟ್ಟು ಅಲುಗದಿರಲು ಪಟ್ಟಿ ಕಟ್ಟಿಕೊಳ್ಳಬೇಕೆಂದು ಪುಸ್ತಕದಲ್ಲಿದೆ. ಅದನ್ನೂ ದರ್ಜಿಯೇ ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆಯನ್ನು ನಾಲ್ಕು ಪದರ ಮಡಚಿ ಹೊಲಿದು ಕೊಟ್ಟಿದ್ದಾರೆ. ಒಳಬದಿಗೆ ಮೆತ್ತನೆಯ ಅಸ್ತರು, ಹೊರಗೆ ಗುಂಡಿ. ಅಕ್ಕ ಅದನ್ನು ನನಗೆ ತೋರಿಸುವಾಗ ಗಂಡ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡರು.

ಇಷ್ಟೆಲ್ಲ ಕಲಿತರೂ ಒಂದು ಸಾಲು ಮಾತ್ರ ಅಕ್ಕನ ಗಂಟಲಿಗೆ ಇಳಿಯುತ್ತಿರಲಿಲ್ಲ. ಚೆಂಡು ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ ಎಂದು ಮೂರೂ ಪುಸ್ತಕಗಳು ಹೇಳುತ್ತವೆ. ಅಕ್ಕನ ಚೆಂಡು ಜಾರಿದ್ದೇ ಇಲ್ಲ. ಕೈ ಬಿಟ್ಟದ್ದೇ ತಡ, ಬಲಕ್ಕೆ ಸರ್ರನೆ ತಿರುಗಿಬಿಡುತ್ತಿತ್ತು. ತಪ್ಪು ಅಚ್ಚಾಗಿರಬೇಕು ಎಂದುಕೊಂಡರು. ಮೂರರಲ್ಲೂ ಹೇಗೆ ತಪ್ಪು ಅಚ್ಚಾಗುತ್ತದೆ ಎಂದು ಗಂಡ ಕೇಳಿದಾಗ, ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದಿರುತ್ತಾರೆ ಎಂದರಂತೆ. ತಮ್ಮ ಚೆಂಡಿಗೆ ತಕ್ಕಂತೆ ತಾವೇ ದಾರಿ ಕಂಡುಕೊಂಡರು: ಚೆಂಡನ್ನು ಎಡ ಅಂಚಿನ ಗಟರಿನ ಮಗ್ಗುಲಿಗೇ ಬಿಡುವುದು, ಅದು ಕಾಲುವೆಗೆ ಬಿದ್ದೇಬಿಟ್ಟಿತು ಅನ್ನುವಾಗ ತಿರುಗಿ ನಡುವಿಗೆ ಬಂದು ಪಿನ್ನುಗಳಿಗೆ ಬಡಿಯುವುದು. ನೋಡಿದವರು ದಂಗಾಗುತ್ತಿದ್ದರು. ಯಂತ್ರಗಳ ಮೆಕ್ಯಾನಿಕ್ ಚಪ್ಪಾಳೆ ತಟ್ಟಿ, “ಅಕ್ಕಾ, ತಂಡದ ಆಯ್ಕೆಗೆ ಹೋಗಿಬಿಡಿ” ಎಂದ. ಅಕ್ಕ ಹೋದರು.

ಆ ದಿನದ ಕಥೆಯನ್ನು ಅಕ್ಕನೇ ಹೇಳುತ್ತಾರೆ. “ಬೆಳಿಗ್ಗೆ ನಾನೇ ನಿಂತು ಎಣ್ಣೆ ಹಾಕಿದ್ದೆ. ಆಯ್ಕೆ ಅಂತ ಒಂದು ಕೈ ಜಾಸ್ತೀನೇ ಮುತುವರ್ಜಿಯಿಂದ ಹಾಕಿದ್ದೆ. ಹತ್ತು ಗಂಟೆಗೆ ಬೂಟು ಹಾಕ್ಕೊಂಡು ನಿಂತೆ. ಯಾವಾಗಲಿನ ಹಾಗೆ ಅಂಚಿಗೆ ಬಿಟ್ಟೆ. ಬರುತ್ತೆ, ಈಗ ಬರುತ್ತೆ ಅಂತ ನೋಡ್ತಾ ನಿಂತೆ. ಬರಲೇ ಇಲ್ಲ. ಸೀದಾ ಗಟರಿಗೆ ಹೋಯ್ತು.” ಎರಡನೆಯದೂ ಅಲ್ಲಿಗೇ. ಮೂರನೆಯದೂ. ಚೆಂಡಿಗೆ ಏನೋ ಆಗಿದೆಯೆಂದು ಚೆಂಡು ಬದಲಾಯಿಸಿದರು. ಕೈಗೆ ಏನೋ ಆಗಿದೆಯೆಂದು ಪಟ್ಟಿ ಬಿಗಿ ಮಾಡಿದರು. ಚಪ್ಪಾಳೆ ತಟ್ಟಲೆಂದು ಬಂದಿದ್ದ ಜತೆಯವರು ಒಬ್ಬೊಬ್ಬರಾಗಿ ಕೆಲಸ ನೆನಪಾದವರಂತೆ ಎದ್ದು ಹೋದರು. ಗಟರ್ ತೊಳೆಯಲು ಚೆಂಡನ್ನೇ ಕಳಿಸುತ್ತಿದ್ದಾಳೆ ಎಂದು ಯಾರೋ ಹಿಂದಿನಿಂದ ಅಂದದ್ದು ಕಿವಿಗೆ ಬಿತ್ತು. “ಜಾರೋ ಹಾಗೆ ಎಣ್ಣೆ ಹಾಕಿದವಳೂ ನಾನೇ, ಜಾರಿದವಳೂ ನಾನೇ. ಅದು ಆ ಹೊತ್ತಲ್ಲಿ ನನ್ನ ತಲೆಗೇ ಹೋಗ್ಲಿಲ್ಲ ನೋಡಿ!”

ಮನೆಗೆ ಬಂದವರೇ ಮೂರೂ ಪುಸ್ತಕಗಳನ್ನು ಅತ್ತೆಯ ಮಂಚದ ಕೆಳಗೆ ತಳ್ಳಿದರು. ಸುಳ್ಳುಬುರುಕ ಪುಸ್ತಕಗಳು ಎಂದರು. ವಾರಗಟ್ಟಲೆ ಆ ಮಾತೇ ಎತ್ತಲಿಲ್ಲ.

ಹೊರತೆಗೆದವರು ಅತ್ತೆ. ಎಪ್ಪತ್ತೈದರ ಆ ಹಿರಿಯರಿಗೆ ಮಧ್ಯಾಹ್ನ ನಿದ್ದೆ ಬಾರದು. ಕೈಗೆ ಸಿಕ್ಕಿದ್ದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದು ಅವರ ಚಾಳಿ. ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಬಿಟ್ಟವರಲ್ಲ. ಇಟ್ಟಿಗೆ ಗಾತ್ರದ ಪುಸ್ತಕವನ್ನು ಓದುತ್ತ ಓದುತ್ತ ನಡುವಿಗೆ ಬಂದಾಗ ಅವರಿಗೊಂದು ವಿಚಿತ್ರ ಕಂಡಿತು. ಅಲ್ಲಿಯವರೆಗೆ ಪುಟಪುಟಕ್ಕೂ ಸೊಸೆಯ ಹೆಬ್ಬೆರಳು. ಅಲ್ಲಿ ಮಾತ್ರ ಇಪ್ಪತ್ತು ಪುಟ ಬೆಳ್ಳಗೆ, ಅಂಗಡಿಯಿಂದ ತಂದ ಹಾಗೇ ಇವೆ. ಸೊಸೆಯನ್ನು ಕೂಗಿ ಕರೆದರು. “ಇದೇನೇ ಇದು? ‘ಲೇನಿನ ಎಣ್ಣೆ’ ಅಂತಿರೋ ಪಾಠಕ್ಕೇ ಎಣ್ಣೆ ಮೆತ್ತಿಲ್ಲವಲ್ಲ?”

ಅಕ್ಕ ಹೇಳಿದ ಉತ್ತರವನ್ನು ಇಡೀ ಮನೆ ಇವತ್ತಿಗೂ ನೆನೆಸಿಕೊಂಡು ನಗುತ್ತದೆ. “ದಿನಾ ಹನ್ನೆರಡು ಲೇನ್‌ಗೆ ಎಣ್ಣೆ ಹಾಕೋಳು ನಾನು. ಎಣ್ಣೆ ಬಗ್ಗೆ ಅವರೇನು ನನಗೆ ಹೇಳಿಕೊಡೋದು? ಅದಕ್ಕೇ ಆ ಪಾಠ ಬಿಟ್ಟಿದ್ದೆ.”

ಅತ್ತೆ ಬಿಡಲಿಲ್ಲ. ಸೊಸೆಯನ್ನು ಮಂಚದ ಮೇಲೆ ಕೂರಿಸಿಕೊಂಡು ಆ ಇಪ್ಪತ್ತು ಪುಟವನ್ನೂ ಗಟ್ಟಿಯಾಗಿ ಓದಿದರು. ಲೇನಿನ ಮುಂಭಾಗಕ್ಕೆ ಎಣ್ಣೆಯಿರುತ್ತದೆ, ಅಲ್ಲಿ ಚೆಂಡು ಜಾರುತ್ತ ಸೀದಾ ಹೋಗುತ್ತದೆ. ಹಿಂಭಾಗವನ್ನು ಒಣಗಲು ಬಿಟ್ಟಿರುತ್ತಾರೆ, ಅಲ್ಲಿಗೆ ಹೋದ ಮೇಲಷ್ಟೇ ಹಲಗೆಯನ್ನು ಹಿಡಿದು ತಿರುಗುತ್ತದೆ. ಪೂರ್ತಿ ಒಣಗಿದ ಲೇನಿನಲ್ಲಿ ಮೊದಲಿಗೇ ತಿರುಗುತ್ತದೆ, ಅಂಥಲ್ಲಿ ಅಭ್ಯಾಸ ಮಾಡಬೇಡಿ. ಅಕ್ಕ ತಲೆಗೆ ಕೈ ಹೊತ್ತು ಕೂತರು. “ಹಿಂದುಗಡೆ ಒಂದು ಪಾಲು ಎಣ್ಣೆ ಹಾಕದೆ ಬಿಡ್ಬೇಕು ಅಂತ ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ವರ್ಷಗಟ್ಟಲೆ ಬಿಡ್ತಾನೂ ಇದ್ದೆ. ಯಾಕೆ ಅಂತ ಒಂದಿನ ಕೇಳಿದ್ದರೆ ನನ್ನ ಗಂಟೇನು ಹೋಗ್ತಿತ್ತು? ಹಾಕೋದು ಗೊತ್ತಿತ್ತು, ಅದ್ರ ಮೇಲೆ ಆಡೋದು ಗೊತ್ತಿರಲಿಲ್ಲ. ಎರಡೂ ಒಂದೇ ಅಂತ ತಿಳ್ಕೊಂಡಿದ್ದೆ.”

ಮಾರನೆಯ ದಿನವೇ ಅಕ್ಕ ಮ್ಯಾನೇಜರ ಮುಂದೆ ಹೋಗಿ ನಿಂತರು. ಎಣ್ಣೆ ಹಾಕಿದ ಲೇನಿನಲ್ಲಿ ಆಡಲು ಬಿಡಿ ಎಂದರು. ಮ್ಯಾನೇಜರು ತಲೆಯಾಡಿಸಿದರು. ಕೆಲಸದವರು ತುಳಿದ ಲೇನನ್ನು ಗಿರಾಕಿಗೆ ಕೊಡಲಾಗದು, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ. ಅಕ್ಕ ಜಾಗ ಬಿಟ್ಟು ಕದಲಲಿಲ್ಲ. “ಒಂದೇ ಒಂದು ಲೇನ್ ಕೊಡಿ ಸಾರ್, ಗೋಡೆ ಪಕ್ಕದ್ದು. ಮೊದಲು ಅದಕ್ಕೆ ಎಣ್ಣೆ ಹಾಕ್ತೀನಿ, ಆಡ್ತೀನಿ, ಪೂರ್ತಿ ಒರೆಸಿ ಮತ್ತೆ ಹೊಸದಾಗಿ ಹಾಕ್ತೀನಿ. ನೀವು ಬರೋ ಹೊತ್ತಿಗೆ ಅದರ ಮೇಲೆ ನೊಣ ಕೂತ ಗುರುತೂ ಇರಲ್ಲ” ಎಂದರು. ಗುರುತು ಕಂಡ ದಿನವೇ ಕೊನೆ ಎನ್ನುವ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಅಂದಿನಿಂದ ಅಕ್ಕ ಒಂದು ಗಂಟೆ ಮೊದಲೇ ಬರುತ್ತಾರೆ. ಉಳಿದ ಹನ್ನೊಂದು ಲೇನ್‌ಗಳಿಗೆ ದಿನಕ್ಕೊಂದು ಸಲ ಎಣ್ಣೆ, ಗೋಡೆ ಪಕ್ಕದ್ದಕ್ಕೆ ಎರಡು ಸಲ. “ಆ ಲೇನ್‌ಗೆ ದಿನಾ ಎರಡೆರಡು ಸ್ನಾನ. ನಮ್ಮ ಮನೇಲಿ ಮಕ್ಕಳಿಗೇ ಅಷ್ಟು ಆಗಲ್ಲ” ಎಂದು ಮೆಕ್ಯಾನಿಕ್ ರೇಗಿಸುತ್ತಾನೆ. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟವಾಯಿತೆಂದು ಅಕ್ಕ ಹೇಳುತ್ತಾರೆ. ಅಂಚಿಗೆ ಎಸೆದು ರೂಢಿಯಾದ ಕೈ ಮೂರು ತಿಂಗಳು ಅಂಚಿಗೇ ಎಸೆಯಿತು. ಗುರಿಗೆಂದು ಹಲಗೆಯ ಮೇಲೆ ಬರೆದಿರುವ ಬಾಣಗಳಲ್ಲಿ ನಡುವಿನದರ ಮೇಲೆ ಬಿಡು ಎಂದು ಪುಸ್ತಕ, ಬಿಡಲ್ಲ ಎಂದು ಕೈ. ಅಕ್ಕ ಹಟ ಬಿಡಲಿಲ್ಲ. ಜ್ವರ ಬಂದಾಗಲೂ ಬಂದು ಎಣ್ಣೆ ಹಾಕಿ, ಎಸೆಯಲಾಗದೆ ಬೆಂಚಿನ ಮೇಲೆ ಕೂತು, ಕೂತಲ್ಲೇ ಕೈ ಬೀಸಿ ಅಭ್ಯಾಸ ಮಾಡಿ, ಮತ್ತೆ ಒರೆಸಿ ಹೋದರಂತೆ. ನಾನಾಗಿದ್ದರೆ ಮಂಚ ಬಿಟ್ಟು ಏಳುತ್ತಿರಲಿಲ್ಲ.

“ಅಷ್ಟೊಂದು ಹಟ ಯಾಕಕ್ಕಾ?” ಎಂದು ಕೇಳಿದೆ. ಯಂತ್ರ ತಳ್ಳುತ್ತಿದ್ದವರು ನಿಲ್ಲಿಸಿದರು. “ಇಷ್ಟು ವರ್ಷ ಈ ಹಲಗೆಗಳ ಬೆನ್ನು ತಿಕ್ಕಿದ್ದೀನಿ. ಬಾಗಿಲು ತೆಗೆಯೋ ಹೊತ್ತಿಗೆ ಹಿಂದಕ್ಕೆ ಹೋಗಿಬಿಡ್ಬೇಕು, ಯಾರ ಕಣ್ಣಿಗೂ ಬೀಳಬಾರದು. ಒಂದ್ಸಲ ಮುಂದಿನ ಬಾಗಿಲಿಂದ ಬಂದು, ಆ ನೀಲಿ ಅಂಗಿ ಹಾಕ್ಕೊಂಡು ಇಲ್ಲಿ ನಿಲ್ಲಬೇಕು. ದಯಕ್ಕೆ ಅಲ್ಲ. ಆಡೋಕೆ ಬರುತ್ತೆ ಅಂತ.”

ಭಾನುವಾರ ಹತ್ತು ಗಂಟೆ. ಆಯ್ಕೆಗೆ ಏಳು ಜನ ಬಂದಿದ್ದಾರೆ. ಅವರಲ್ಲಿ ಗಟ್ಟಿಗರು ಮೇಲಿನ ಅಂತಸ್ತಿನ ಕನ್ನಡಕದ ಅಂಗಡಿಯವರು, ಸ್ವಂತ ಚೆಂಡು, ಸ್ವಂತ ಬೂಟು. ಹಿಂದಿನ ಬೆಂಚಿನಲ್ಲಿ ದರ್ಜಿ ಮತ್ತು ಅತ್ತೆ. ಈ ಸಲ ಜತೆಯವರು ಯಾರೂ ಚಪ್ಪಾಳೆಗೆಂದು ಬಂದಿಲ್ಲ. ಮೆಕ್ಯಾನಿಕ್ ಮಾತ್ರ ಯಾವುದೋ ಯಂತ್ರ ಕೆಟ್ಟಿದೆ ಎನ್ನುತ್ತ ಅಲ್ಲೇ ಸುಳಿದಾಡುತ್ತಿದ್ದಾನೆ. ಅಕ್ಕನ ಮೊದಲ ಚೆಂಡು ನಡುವಿನ ಬಾಣದ ಮೇಲೆ ಹಾದು, ಎಣ್ಣೆಯ ಮೇಲೆ ಸದ್ದಿಲ್ಲದೆ ಜಾರಿ, ಕೊನೆಯಲ್ಲಿ ಬಲಕ್ಕೆ ಹೊರಳಿ ಪಿನ್ನುಗಳ ನಡುವೆ ನುಗ್ಗುತ್ತದೆ. ಎಂಟು ಬೀಳುತ್ತವೆ. ಅತ್ತೆ ಉಸಿರು ಬಿಡುವುದು ನನಗೆ ಕೇಳಿಸುತ್ತದೆ.

ಮೂರನೆಯ ಆಟದ ಕೊನೆಯವರೆಗೂ ಕನ್ನಡಕದವರು ಕೂದಲೆಳೆಯಷ್ಟು ಮುಂದೆ. ಅವರು ಆಡಿ ಮುಗಿಸಿದ್ದಾರೆ. ಅಕ್ಕನ ಕೊನೆಯ ಸರದಿಯ ಮೊದಲ ಚೆಂಡಿಗೆ ಒಂಬತ್ತು ಪಿನ್ ಬಿದ್ದು ಒಂದು ಉಳಿಯುತ್ತದೆ. ಅದನ್ನು ಬೀಳಿಸಿದರೆ ಇನ್ನೊಂದು ಎಸೆತ ಸಿಗುತ್ತದೆ, ಅದರಲ್ಲಿ ಎರಡು ಮೂರು ಪಿನ್ ಉರುಳಿದರೂ ಕನ್ನಡಕದವರನ್ನು ದಾಟಬಹುದು. ತಪ್ಪಿದರೆ ಇನ್ನೊಂದು ವರ್ಷ. ಉಳಿದಿರುವುದು ಎಡ ಮೂಲೆಯ ಪಿನ್. ಅದರ ಮಗ್ಗುಲಲ್ಲೇ ಗಟರ್, ಹೋದ ವರ್ಷ ಚೆಂಡುಗಳೆಲ್ಲ ಹೋಗಿ ಬಿದ್ದ ಅದೇ ಗಟರ್. ಬೆಂಚಿನ ಮೇಲೆ ಯಾರೋ ಖೊಳ್ಳನೆ ನಗುತ್ತಾರೆ.

ಅಕ್ಕ ಆತುರಪಡುವುದಿಲ್ಲ. ನಿಂತಿದ್ದ ಜಾಗ ಬಿಟ್ಟು ಬಲತುದಿಗೆ ಹೋಗುತ್ತಾರೆ. ಮೂಲೆಯ ಪಿನ್ನಿಗೆ ಎದುರು ಮೂಲೆಯಿಂದ ಓರೆಯಾಗಿ ಎಸೆಯಬೇಕೆಂದು ಪುಸ್ತಕದಲ್ಲಿದೆ. ದರ್ಜಿಯ ತುಟಿ ಅಲುಗುತ್ತಿದೆ, ಅವರು ಸಾಲು ಹೇಳಿಕೊಳ್ಳುತ್ತಿದ್ದಾರೆ. ನಾಲ್ಕು ಹೆಜ್ಜೆ, ಕೊನೆಯದು ಜಾರಿ ನಿಲ್ಲುತ್ತದೆ, ತೋಳು ಮಡಚುವುದಿಲ್ಲ. ಚೆಂಡು ಬಲದಿಂದ ಎಡಕ್ಕೆ ಲೇನನ್ನು ಅಡ್ಡಹಾಯುತ್ತ, ಎಣ್ಣೆಯ ಮೇಲೆ ಸೀದಾ ಹೋಗುತ್ತದೆ. ಗಟರಿನ ಅಂಚಿಗೆ ಬರುತ್ತದೆ. ನಾನು ಕಣ್ಣು ಮುಚ್ಚಿಕೊಂಡದ್ದರಿಂದ ಪಿನ್ ಬಿದ್ದದ್ದನ್ನು ನೋಡಲಿಲ್ಲ, ಸದ್ದು ಕೇಳಿದೆ. ಕೊಸರು ಎಸೆತದಲ್ಲಿ ಏಳು ಬಿದ್ದವು. ಅತ್ತೆ ಎದ್ದು ನಿಂತು, “ನಾನು ಓದಿ ಹೇಳಿದ್ದು!” ಎಂದು ಹಾಲಿಗೆಲ್ಲ ಕೇಳುವಂತೆ ಕೂಗಿದರು. ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರನ್ನೇ ಬೆಂಚಿಗೆ ಬಡಿದ.

ಕನ್ನಡಕದವರು ಬಂದು ಕೈ ಕುಲುಕಿದರು, ಸೌಜನ್ಯದಿಂದಲೇ. ಹೋಗುವಾಗ, “ಎಣ್ಣೆ ಹಾಕಿದ ಕೈಯೇ ಗೆದ್ದಿತು ಬಿಡಿ. ಎಲ್ಲಿ ಜಾರುತ್ತೆ ಅಂತ ನಮಗೇನು ಗೊತ್ತು?” ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ನನಗೆ ಮೈ ಉರಿಯಿತು. ದರ್ಜಿಯ ಮುಖವೂ ಸಪ್ಪಗಾಯಿತು. ಅಕ್ಕ ಮಾತ್ರ ಬೆಂಚಿನ ಮೇಲೆ ಕೂತು, ನೀಲಿ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು, ಬೂಟಿನ ದಾರ ಬಿಚ್ಚುತ್ತ ಯೋಚಿಸಿದರು.

“ಅವರು ಹೇಳಿದ್ರಲ್ಲಿ ತಪ್ಪಿಲ್ಲ. ಇಲ್ಲಿ ನಾನು ಗೆದ್ದಿದ್ದು ನನ್ನ ಎಣ್ಣೆ ಮೇಲೆ. ಮುಂದಿನ ತಿಂಗಳು ಬೇರೆ ಹಾಲಲ್ಲಿ ಪಂದ್ಯ ಇದೆಯಂತೆ. ಅಲ್ಲಿ ಎಣ್ಣೆ ಹಾಕೋರು ಯಾರೋ, ಎಲ್ಲಿವರೆಗೆ ಹಾಕಿರ್ತಾರೋ, ಎಲ್ಲಿ ಬಿಟ್ಟಿರ್ತಾರೋ, ಒಂದೂ ಗೊತ್ತಿಲ್ಲ. ಅಲ್ಲಿ ಆಡಿ ಗೆಲ್ಲಬೇಕು, ಆಗ ಸರಿ” ಎಂದರು. ಎರಡೂ ಬೂಟು ಜೋಡಿಸಿಟ್ಟು ಎದ್ದರು. “ಗೆಲ್ಲಲಿ ಬಿಡಲಿ, ಆಟ ಮುಗಿದ ಮೇಲೆ ಹಿಂದಕ್ಕೆ ಹೋಗಿ, ಎಣ್ಣೆ ಹಾಕಿದವರು ಯಾರು ಅಂತ ಕೇಳಿ, ಲೇನ್ ಚೆನ್ನಾಗಿತ್ತು ಅಂತ ಹೇಳಿ ಬರ್ತೀನಿ. ಹನ್ನೊಂದು ವರ್ಷದಲ್ಲಿ ನನಗೆ ಯಾರೂ ಬಂದು ಆ ಮಾತು ಹೇಳಿಲ್ಲ.”